ಬೇಡ ಅಂದ ಮನೆ

"ನಿಮ್ಮ ದೇವರು ಅಷ್ಟು ಒಳ್ಳೆಯವನಾಗಿದ್ರೆ ನನ್ನ ಗಂಡ ಯಾಕೆ ಸತ್ತ? ಹೇಳಿ!"

ಚರ್ಚಿನ ಹಿಂದಿನ ಉಗ್ರಾಣದ ಬಾಗಿಲನ್ನು ಅರ್ಧ ತೆರೆದು ಹಿಡಿದು ಅವಳು ಕೇಳಿದಳು. ದನಿ ಗಟ್ಟಿಯಾಗಿತ್ತು. ಕಣ್ಣು ಮಾತ್ರ ಎದುರು ಗೋಡೆಯ ಗಡಿಯಾರದ ಮೇಲಿತ್ತು.

ಬಾಗಿಲ ಹೊರಗೆ ನಿಂತಿದ್ದವನು ಬೆವರುತ್ತಿದ್ದ. ಅವನ ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದ ಹದಿನಾಲ್ಕು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಇದು ಬರೀ ಅಭ್ಯಾಸ. ಮನೆಮನೆಗೆ ಹೋಗಿ ಯೇಸುವಿನ ವಿಷಯ ಹೇಳುವ ಸ್ವಯಂಸೇವಕರಿಗೆ ಆರು ಶನಿವಾರ ತರಬೇತಿ ನಡೆಯುತ್ತಿತ್ತು. ಕಲಿಸುವವಳು ಅವಳು. ಎಲ್ಲರ ಬಾಯಲ್ಲೂ ಟೀಚರಮ್ಮ. ಬಾಗಿಲ ಒಳಗೆ ನಿಂತು ಮನೆಯವಳ ಪಾತ್ರ ಮಾಡುತ್ತಿದ್ದಳು. ಒಂದು ಸಲ ಗಡಿಬಿಡಿಯ ಹೆಂಗಸು, ಒಂದು ಸಲ ಸಿಡುಕಿನ ಹೆಂಗಸು, ಒಂದು ಸಲ ದುಃಖದಲ್ಲಿರುವ ಹೆಂಗಸು.

ಆ ದುಃಖದ ಹೆಂಗಸಿನ ಮಾತನ್ನು ಐದು ವರ್ಷದ ಹಿಂದೆ ಅವಳೇ ಬರೆದದ್ದು. ಆಗ ಗಂಡನಿಗೆ ಓದಿ ತೋರಿಸಿದ್ದಳು. "ಯಾರದೋ ಪಾಠಕ್ಕೆ ನನ್ನನ್ಯಾಕೆ ಸಾಯಿಸ್ತೀಯೇ?" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಎರಡು ವರ್ಷ ಕಳೆದ ಮೇಲೆ ಅವನು ಸತ್ತೇಹೋದ. ನಾಲ್ಕು ದಿನದ ಜ್ವರ. ಕೊನೆಯ ಗಳಿಗೆಯಲ್ಲಿ ಅವಳು ಎರಡು ಬೀದಿ ಆಚೆ ಯಾರದೋ ಬಾಗಿಲಲ್ಲಿ ನಿಂತು, 'ದೇವರು ನಿಮ್ಮನ್ನ ಕಾಪಾಡ್ತಾನೆ' ಎನ್ನುತ್ತಿದ್ದಳು.

ಅಂದಿನಿಂದ ಅದೇ ಪ್ರಶ್ನೆಯನ್ನು ಎಷ್ಟೋ ಶನಿವಾರ ಕೇಳಿದ್ದಳು. ಒಂದು ಸಲವೂ ಗಂಟಲು ಕಟ್ಟಿರಲಿಲ್ಲ. ಒಳಗೆ ಏನೋ ಜೋಮು ಹಿಡಿದು ಹಾಗೇ ನಿಂತುಬಿಟ್ಟಿತ್ತು. ಸ್ವಯಂಸೇವಕರು ಹಾಳೆಯಲ್ಲಿದ್ದ ಉತ್ತರ ಒಪ್ಪಿಸುತ್ತಿದ್ದರು. ಅವಳು 'ಸರಿ' ಎಂದು ಗುರುತು ಹಾಕುತ್ತಿದ್ದಳು. ಅಷ್ಟೇ.

ಈಗ ಎದುರಿಗಿದ್ದವನು ಕರೆಂಟ್ ಮೀಟರ್ ಓದುವ ಕೆಲಸದವನು. ಮೊದಲ ಸಲ ಬಾಗಿಲು ತಟ್ಟಿದಾಗ ಅಭ್ಯಾಸಬಲದಿಂದ "ಮೀಟರ್ ನೋಡ್ಬೇಕಿತ್ತಮ್ಮ" ಅಂದುಬಿಟ್ಟು ಎಲ್ಲರನ್ನೂ ನಗಿಸಿದ್ದ. ಆ ಕ್ಷಣದಿಂದಲೇ ಅವನಿಗೆ ಮೀಟರಣ್ಣ ಎಂಬ ಹೆಸರು ಅಂಟಿಕೊಂಡಿತ್ತು.

"ಗೊತ್ತಿಲ್ಲ" ಅಂದ ಅವನು.

"ಅದು ಉತ್ತರ ಅಲ್ಲ. ಹಾಳೆ ನೋಡಿ. ನಾಲ್ಕನೇ ಸಾಲು."

ಅವನು ಹಾಳೆ ನೋಡಿದ. 'ದೇವರು ಮಾಡುವುದೆಲ್ಲ ನಮ್ಮ ಒಳ್ಳೆಯದಕ್ಕೇ' ಎಂದಿತ್ತು. ಆಮೇಲೆ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ಇಲ್ಲಿ ಬರೆದಿದೆ, ನಿಜ. ಆದ್ರೆ ನನಗೆ ಗೊತ್ತಿಲ್ಲಮ್ಮ..." ತಲೆ ಎತ್ತಿ ಅವಳನ್ನೇ ನೋಡಿದ. "ಅವರು ಎಂಥವರಾಗಿದ್ರು?"

ಅವಳ ಕೈ ಬಾಗಿಲ ಚಿಲಕದ ಮೇಲೆ ಹಾಗೇ ನಿಂತಿತು.

ಹೇಗೆ ಹೋದ್ರು, ಯಾವ ಆಸ್ಪತ್ರೆ, ಮೊದಲೇ ತೋರಿಸಲಿಲ್ಲವಾ... ಮೂರು ವರ್ಷದಿಂದ ಜನ ಇದನ್ನೆಲ್ಲ ಕೇಳಿದ್ದರು. ಎಂಥವರಾಗಿದ್ರು ಅಂತ ಒಬ್ಬರೂ ಕೇಳಿರಲಿಲ್ಲ.

"ಬಸ್ ಓಡಿಸ್ತಿದ್ರು." ಅವಳ ಬಾಯಿ ತಾನಾಗೇ ಹೇಳಿತು. "ಚಪ್ಪಲಿ ಯಾವತ್ತೂ ಜೋಡಿಯಾಗಿ ಬಿಡ್ತಿರಲಿಲ್ಲ. ಒಂದು ಬಾಗಿಲಲ್ಲಿ, ಇನ್ನೊಂದು ಮಂಚದ ಕೆಳಗೆ."



ಅವಳು ಬಾಗಿಲು ಮುಚ್ಚಿಕೊಂಡಳು. ಒಳಗೆ ಕತ್ತಲು, ಒಂದರ ಮೇಲೊಂದು ಪೇರಿಸಿದ ಬೆಂಚು, ನೆಲ ಒರೆಸುವ ಒದ್ದೆ ಬಟ್ಟೆಯ ವಾಸನೆ. ಈಗ ಅಳು ಬರಬಹುದು ಅಂತ ಕಾದಳು. ಬರಲಿಲ್ಲ. ಸೀರೆಯ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

"ಫೇಲ್. ಮುಂದಿನವರು ಬನ್ನಿ."

---

"ಏನಾಯ್ತೇ ಇವತ್ತು?" ಮನೆಗೆ ಬಂದೊಡನೆ ಅತ್ತೆ ಕೇಳಿದರು.

"ಏನಿಲ್ಲ ಅತ್ತೆ."

"ನಿನ್ನ 'ಏನಿಲ್ಲ' ಕೇಳಿ ಕೇಳಿ ನನ್ನ ಕಿವಿಗೆ ತುಕ್ಕು ಹಿಡೀತು ಕಣೇ!"

ಆ ಮನೆಯಲ್ಲಿ ಈಗ ಇಬ್ಬರೇ. ಒಬ್ಬನೇ ಗಂಡಸಿನ ತಾಯಿ ಒಬ್ಬರು, ಹೆಂಡತಿ ಒಬ್ಬಳು. ಅತ್ತೆ ಮೊದಲ ವರ್ಷವೆಲ್ಲ ಅತ್ತರು. ಗೋಡೆಗೆ ತಲೆ ಚಚ್ಚಿಕೊಂಡರು. ದೇವರಿಗೂ ಬೈದರು. ಆಮೇಲೆ ಒಂದು ದಿನ ಪಕ್ಕದ ಮನೆಯವಳ ಜೊತೆ ಕಸದ ಬುಟ್ಟಿಯ ವಿಷಯಕ್ಕೆ ಜೋರು ಜಗಳ ಮಾಡಿ, ಎರಡು ತುತ್ತು ಜಾಸ್ತಿ ಉಂಡು, ಮತ್ತೆ ಬದುಕಿಕೊಂಡರು.

ಸೊಸೆ ಮಾತ್ರ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

"ಎಂಥ ಗಟ್ಟಿಗಿತ್ತಿ, ಎಂಥ ನಂಬಿಕೆ ಅಂತ ಚರ್ಚಲ್ಲಿ ನಿನ್ನ ಹೊಗಳ್ತಾರೆ" ಎಂದರು ಅತ್ತೆ, ತಟ್ಟೆ ಮುಂದಿಡುತ್ತಾ. "ನನಗೆ ನಿನ್ನ ನೋಡಿದ್ರೆ ಭಯ ಆಗುತ್ತೆ."

'ನನಗೂ ಆಗಬೇಕಿತ್ತು... ಭಯವೂ ಆಗ್ತಿಲ್ಲವಲ್ಲ.' ಅವಳು ಅಂದುಕೊಂಡಳು. ತಟ್ಟೆ ಖಾಲಿ ಮಾಡಿದಳು. ಏನು ತಿಂದೆ ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

---

ಆರನೇ ಶನಿವಾರ ಇಬ್ಬಿಬ್ಬರಾಗಿ ಬೀದಿಗೆ ಇಳಿಯಬೇಕಿತ್ತು. ಹದಿನೈದು ಜನರಲ್ಲಿ ಏಳು ಜೋಡಿಯಾಯಿತು. ಉಳಿದವನು ಮೀಟರಣ್ಣ.

"ಫೇಲ್ ಆದವನು ಟೀಚರ್ ಜೊತೆಗೇ ಹೋಗ್ಲಿ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಅವಳು ರಿಜಿಸ್ಟರಿನಲ್ಲಿ ಹಾಗೇ ಬರೆದುಕೊಂಡಳು.

ದಾರಿಯುದ್ದಕ್ಕೂ ನಿಯಮಗಳನ್ನು ಹೇಳುತ್ತಾ ನಡೆದಳು. "ಬೆಲ್ ಒಂದೇ ಸಲ ಒತ್ತಬೇಕು. ಒತ್ತಿ ಎರಡು ಹೆಜ್ಜೆ ಹಿಂದೆ ಬರಬೇಕು. ಕಿಟಕಿಯೊಳಗೆ ಇಣುಕಬಾರದು. ಮಕ್ಕಳು ಮಾತ್ರ ಇದ್ರೆ ಕ್ಷಮಿಸಿ ಅಂತ ಹೇಳಿ ಹೊರಟುಬಿಡಬೇಕು. ಎರಡು ನಿಮಿಷ ಮೀರಬಾರದು."

"ನಾಯಿ ಇದ್ರೆ?"

"ನಾಯಿಗೆ ನಿಯಮ ಇಲ್ಲ."

"ಆ ನೀಲಿ ಗೇಟಿನ ನಾಯಿ ಬರೀ ಬೊಗಳುತ್ತೆ. ಮೂಲೆ ಮನೇದು ಬೊಗಳಲ್ಲ, ಸೀದಾ ಪ್ಯಾಂಟಿಗೇ ಬಾಯಿ ಹಾಕುತ್ತೆ" ಎಂದ ಅವನು, ತೀರಾ ಗಂಭೀರವಾಗಿ. "ಹನ್ನೆರಡು ವರ್ಷದ ಅನುಭವ ಟೀಚರ್."

ಆ ಬೀದಿಯ ಪ್ರತಿ ಮೆಟ್ಟಿಲೂ ಅವನಿಗೆ ಗೊತ್ತಿತ್ತು. ಮೂರನೇ ಮನೆಯಲ್ಲಿ ವಯಸ್ಸಾದ ದರ್ಜಿಯೊಬ್ಬರು ಬಾಗಿಲು ತೆರೆದವರೇ ಅವನ ಕೈಯಲ್ಲಿದ್ದ ಕರಪತ್ರ ನೋಡಿ ಹುಬ್ಬು ಗಂಟಿಕ್ಕಿದರು.

"ಕರೆಂಟ್ ಲೆಕ್ಕ ಬರೆಯೋನೂ ನೀನೇ, ಸ್ವರ್ಗದ ದಾರಿ ತೋರ್ಸೋನೂ ನೀನೇನಾ?"

"ಎರಡೂ ನನ್ನ ಕೈಲಿಲ್ಲ ಯಜಮಾನ್ರೇ. ನಾನು ಬರೀ ಬಾಗಿಲು ತಟ್ಟೋನು."

ದರ್ಜಿ ನಕ್ಕುಬಿಟ್ಟರು. ಒಳಗಿನಿಂದ ಸ್ಟೂಲು ತಂದು ಹಾಕಿದರು. ಮಂಡಿನೋವಿನ ವಿಷಯ ಹೇಳಿಕೊಂಡರು. ಕೊನೆಗೆ ಮೆಲ್ಲಗೆ, "ನಮ್ಮ ಮನೇಲಿ ನಮ್ಮ ದೇವರಿದ್ದಾನಪ್ಪ. ನಿಮ್ಮದು ಬೇಡ" ಎಂದರು.

"ಆಯ್ತು ಯಜಮಾನ್ರೇ. ಮಂಡಿ ನೋಡ್ಕೊಳ್ಳಿ."

ಕೆಳಗಿಳಿದ ಮೇಲೆ ಅವಳು ಆ ಮನೆಯ ಕಾರ್ಡ್ ತೆಗೆದು 'ಬೇಡ' ಎಂದು ಬರೆದಳು. ಪ್ರತಿ ಮನೆಗೂ ಒಂದು ಕಾರ್ಡ್ ಇರುತ್ತಿತ್ತು. ಯಾರಿದ್ದಾರೆ, ಏನಂದರು, ಮತ್ತೆ ಹೋಗಬೇಕಾ ಎಂದು ಅದರಲ್ಲಿ ಬರೆಯಬೇಕು.

"ಬೇಡ ಅಂದ ಮನೆಗೆ ಮತ್ತೆ ಹೋಗೋ ಹಾಗಿಲ್ಲ. ಬೇರೆ ಯಾವ ನಿಯಮ ಮರೆತರೂ ಇದನ್ನ ಮರೀಬೇಡಿ."

"ಯಾವತ್ತೂನಾ?"

"ಅವರಾಗಿ ಕರೆದ್ರೆ ಮಾತ್ರ."

ಅವನು ತಲೆಯಾಡಿಸಿದ. ಪಾಠವನ್ನು ಇಷ್ಟು ಮನಸ್ಸಿಟ್ಟು ಕೇಳುವ ವಿದ್ಯಾರ್ಥಿಯನ್ನು ಅವಳು ನೋಡಿರಲಿಲ್ಲ.

---

ಅದಾದ ನಾಲ್ಕನೇ ದಿನ, ಬುಧವಾರ ಸಂಜೆ ಅವನು ಅವಳ ಮನೆಗೆ ಬಂದ. ಕಾರ್ಡ್ ತುಂಬುವುದು ಸರಿಯಾಗಿ ಬರುತ್ತಿಲ್ಲ, ಹೇಳಿಕೊಡಿ ಎಂದ.

ಅತ್ತೆಗೆ ಹಬ್ಬವಾಯಿತು! "ಬಾ ಮೀಟರಪ್ಪ, ಇಷ್ಟು ದಿನ ಹೊರಗಿಂದಲೇ ಮೀಟರ್ ನೋಡಿ ಹೋಗ್ತಿದ್ದೆ, ಇವತ್ತು ಒಳಗೆ ಬಂದು ಕೂತ್ಕೋ. ಈ ಮನೇಲಿ ಮಾತಾಡೋಕೆ ನನಗೊಂದು ಜನ ಬೇಕಾಗಿತ್ತು. ಇವಳು ಬಾಯಿಗೆ ಬೀಗ ಹಾಕಿ ಕೀ ಎಲ್ಲೋ ಕಳ್ಕೊಂಡಿದ್ದಾಳೆ."

ಮುಂದಿನ ಬುಧವಾರವೂ ಬಂದ. ಅದರ ಮುಂದಿನದೂ. ಕಾರ್ಡಿನ ಪಾಠ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಆಮೇಲೆ ಅತ್ತೆಯೂ ಅವನೂ ಹರಟೆ ಹೊಡೆಯುತ್ತಾ ಕೂರುತ್ತಿದ್ದರು. ಅವಳು ಬಟ್ಟೆ ಮಡಚುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ಒಂದು ದಿನ ಅವನು ತನ್ನ ವಿಷಯ ಹೇಳಿದ. ಪಾರ್ಶ್ವವಾಯು ಬಡಿದ ಅಪ್ಪನನ್ನು ಹನ್ನೊಂದು ವರ್ಷ ನೋಡಿಕೊಂಡಿದ್ದ. ಮದುವೆಯ ಯೋಚನೆಗೆ ಪುರುಸೊತ್ತು ಇರಲಿಲ್ಲ. ಅಪ್ಪ ಹೋದ ಮೇಲೆ ಮನೆಯಲ್ಲಿ ಮಾತೇ ನಿಂತುಹೋಯಿತು.

"ದಿನಕ್ಕೆ ನೂರು ಬಾಗಿಲು ತಟ್ಟೋನು ನಾನು ಅಮ್ಮ. ಒಬ್ಬರೂ ಒಳಗೆ ಬಾ ಅನ್ನಲ್ಲ. ಅನ್ನಬೇಕಾಗೂ ಇಲ್ಲ, ಮೀಟರ್ ಹೊರಗೇ ಇರುತ್ತಲ್ಲ! ಒಂದು ಭಾನುವಾರ ಚರ್ಚಿನ ಬಾಗಿಲು ತೆರೆದಿತ್ತು. ಹೋಗಿ ಹಿಂದಿನ ಬೆಂಚಲ್ಲಿ ಕೂತೆ. ಯಾರೂ ಎಬ್ಬಿಸಲಿಲ್ಲ..."

ಅತ್ತೆ ಮೂಗು ಒರೆಸಿಕೊಂಡರು. ಅವಳು ಮಡಚಿದ್ದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಚಿದಳು.

ಐದನೇ ಬುಧವಾರ ಆರು ಗಂಟೆಯಾಯಿತು, ಆರೂವರೆಯಾಯಿತು. ಅವನಿಲ್ಲ. ಏಳಕ್ಕೆ ಐದು ನಿಮಿಷವಿದ್ದಾಗ ಬೆಲ್ ಆಯಿತು.

"ಆರು ಗಂಟೆ ಅಂದ್ರೆ ಏಳು ಗಂಟೆನಾ ನಿಮ್ಮ ಲೆಕ್ಕದಲ್ಲಿ?" ಬಾಗಿಲು ತೆರೆಯುತ್ತಲೇ ಅವಳು ಸಿಡಿದಳು. "ಬರಲ್ಲ ಅಂತಾದ್ರೆ ಹೇಳಿಕಳಿಸ್ಬೇಕು! ಜನ ಕಾಯ್ತಾರೆ ಅನ್ನೋ ಜ್ಞಾನ ಬೇಡ್ವಾ?"

ಅವನು ತಬ್ಬಿಬ್ಬಾದ. ಹಿಂದೆ ಅತ್ತೆ ಬಾಯಿ ತೆರೆದು ನಿಂತಿದ್ದರು.

ಅವಳೂ ನಿಂತಲ್ಲೇ ನಿಂತಳು. ಕಿವಿ ಬಿಸಿಯಾಗಿತ್ತು. ಎದೆ ಬಡಿದುಕೊಳ್ಳುತ್ತಿತ್ತು.

'ಸಿಟ್ಟು! ನನಗೆ ಸಿಟ್ಟು ಬಂದಿದೆ...'

ಜೋಮು ಹಿಡಿದ ಕಾಲನ್ನು ನೆಲಕ್ಕೆ ಊರಿದಾಗ ಮೊದಲ ಮುಳ್ಳು ಚುಚ್ಚುತ್ತದಲ್ಲ, ಹಾಗಿತ್ತು ಅದು. ಅಡುಗೆಮನೆಗೆ ಓಡಿಹೋಗಿ ಸಿಂಕಿನ ಅಂಚು ಹಿಡಿದು ನಿಂತಳು. ಐದು ನಿಮಿಷಕ್ಕೆ ಎಲ್ಲ ಮತ್ತೆ ತಣ್ಣಗಾಯಿತು. ಆದರೆ ಮರುದಿನ ಬೆಳಿಗ್ಗೆ ಅವಳು ತನಗೇ ತಿಳಿಯದೆ, ಬುಧವಾರಕ್ಕೆ ಇನ್ನೆಷ್ಟು ದಿನ ಎಂದು ಬೆರಳು ಮಡಚಿದಳು.

---

ಬುಧವಾರಕ್ಕೆ ಮುಂಚೆ ಶನಿವಾರ ಬಂತು.

ಪಾಸ್ಟರ್ ಕೋಣೆಯಲ್ಲಿ ಕಾರ್ಡುಗಳ ಡಬ್ಬಿ ಇತ್ತು. ಶನಿವಾರದ ಬೀದಿ ಸುತ್ತು ಮುಗಿದ ಮೇಲೆ ಬೀದಿ ಪ್ರಕಾರ ಅವನ್ನು ಜೋಡಿಸುವುದು ಅವಳ ಕೆಲಸ. ಮೀಟರಣ್ಣನ ಅಂಕೆಗಳು ಅಚ್ಚುಕಟ್ಟು, ಅಕ್ಷರಗಳು ಸೊಟ್ಟ. ಒಂದೊಂದೇ ತಿರುವುತ್ತಿದ್ದವಳ ಕೈ ತಟ್ಟನೆ ನಿಂತಿತು.

ಅವಳದೇ ಬೀದಿ. ಅವಳದೇ ಮನೆ ನಂಬರ್!

'ಇಬ್ಬರು ಹೆಂಗಸರು. ಮಗ ತೀರಿಹೋಗಿ ಮೂರು ವರ್ಷ. ಸೊಸೆ ಅಳುವುದಿಲ್ಲ. ಮತ್ತೆ ಹೋಗಬೇಕು.'

ಅದರ ಕೆಳಗೆ ಬುಧವಾರಗಳ ತಾರೀಖು. ಒಂದು, ಎರಡು, ಮೂರು.

ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಅವಳು ಕಾರ್ಡನ್ನು ಇನ್ನೊಮ್ಮೆ ಓದಿದಳು. 'ಸೊಸೆ ಅಳುವುದಿಲ್ಲ...' ಹೀಗೆ ಬರೆಯುವುದನ್ನು ಅವನಿಗೆ ಕಲಿಸಿದವಳು ಅವಳೇ. ಚುಟುಕಾಗಿ ಬರೆಯಿರಿ, ಮನೆಯವರ ನೋವು ಏನು ಅಂತ ಗುರುತಿಸಿ, ಮತ್ತೆ ಹೋಗಿ.

ಚರ್ಚಿನ ಹಾಲ್‌ನಲ್ಲಿ ಅವನು ಒಬ್ಬನೇ ಕುರ್ಚಿಗಳನ್ನು ಪೇರಿಸುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು.

"ನಾನು ನಿಮಗೆ ಎಷ್ಟನೇ ಮನೆ?" ಅವಳು ಕಾರ್ಡ್ ಮುಂದೆ ಹಿಡಿದಳು.

ಅವನ ಮುಖ ಬಿಳುಚಿತು. "ಟೀಚರ್, ಅದು..."

"ಪಾಸ್ಟರ್ ಕಳಿಸಿದ್ರಾ?"

ಸುಳ್ಳು ಹೇಳಬಹುದಿತ್ತು. ಅವನಿಗೆ ಬರಲಿಲ್ಲ. "ಮೊದಲ ಸಲ... ಹೌದು. ಹೋಗಿ ಮಾತಾಡಿಸ್ಕೊಂಡು ಬಾ ಅಂದ್ರು."

"ಕಾರ್ಡ್ ತುಂಬೋಕೆ ಬರಲ್ಲ ಅಂದಿದ್ದು ನೆಪ."

"ನೆಪಾನೇ. ಆದ್ರೆ ಆಮೇಲೆ..."

"ಸಾಕು." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸಹಿಸಲು ಸುಲಭವಾಗುತ್ತಿತ್ತು. "ಇದರ ಮೇಲೆ 'ಬೇಡ' ಅಂತ ಬರ್ಕೊಳ್ಳಿ. ನಿಯಮ ಗೊತ್ತಲ್ಲ?"

 ಅವನು ಜೇಬಿನಿಂದ ಪೆನ್ ತೆಗೆದ. ಅವಳು ನೋಡುತ್ತಿದ್ದಂತೆಯೇ ಕುರ್ಚಿಯ ಮೇಲೆ ಕಾರ್ಡ್ ಇಟ್ಟು ಆ ಎರಡಕ್ಷರ ಬರೆದ. 

"ಗೊತ್ತು ಟೀಚರ್" ಅಂದ.

---

ನಿಯಮವನ್ನು ಅವನು ಅಕ್ಷರಶಃ ಪಾಲಿಸಿದ.

ಬುಧವಾರ ಬರಲಿಲ್ಲ. ಶನಿವಾರವೂ ಬರಲಿಲ್ಲ. ಆ ತಿಂಗಳು ಮೀಟರ್ ಓದಲು ಬೇರೆ ಯಾರೋ ಬಂದರು. "ಅವನು ಈ ಬೀದಿ ನನಗೆ ಕೊಟ್ಟು ನನ್ನ ಬೀದಿ ತಗೊಂಡ. ಅಲ್ಲಿ ನಾಲ್ಕು ಮಹಡಿ, ಲಿಫ್ಟೂ ಇಲ್ಲ. ತಲೆ ಕೆಟ್ಟಿದೆ ಅವನಿಗೆ!" ಎಂದು ಆ ಮನುಷ್ಯ ಅತ್ತೆಯ ಹತ್ತಿರ ನಕ್ಕು ಹೋದ.

ಅತ್ತೆ ಅವತ್ತು ಏನೂ ಮಾತಾಡಲಿಲ್ಲ. ಅತ್ತೆ ಮಾತಾಡದ ಮನೆ ಹೇಗಿರುತ್ತದೆ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು.

ಅವಳು ಏಳುತ್ತಿದ್ದಳು, ಸ್ನಾನ ಮಾಡುತ್ತಿದ್ದಳು, ಕೆಲಸಕ್ಕೆ ಹೋಗುತ್ತಿದ್ದಳು. ಎಲ್ಲ ಮೊದಲಿನಂತೆಯೇ. ಒಂದೇ ವ್ಯತ್ಯಾಸ. ಮೊದಲು ಒಳಗೆ ಏನೂ ಇಲ್ಲ ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. ಈಗ ತಿಳಿಯುತ್ತಿತ್ತು.

ಮೂರನೇ ವಾರ ಪಾಸ್ಟರ್ ಎದುರು ಹೋಗಿ ತರಬೇತಿಯ ರಿಜಿಸ್ಟರ್ ಇಟ್ಟಳು.

"ನನ್ನಿಂದ ಆಗಲ್ಲ ಪಾಸ್ಟರ್. ನನಗೇ ಅನ್ನಿಸದೇ ಇರೋದನ್ನ ಬೇರೆಯವರ ಬಾಯಿಗೆ ತುರುಕ್ತಾ ಇದ್ದೀನಿ. ಆ ನಾಲ್ಕನೇ ಸಾಲಿನ ಉತ್ತರದ ಮೇಲೆ ನಂಬಿಕೆ ಹೋಗಿ ಮೂರು ವರ್ಷ ಆಯ್ತು."

ಪಾಸ್ಟರ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವಳ ಮದುವೆ ಮಾಡಿಸಿದವರು ಅವರೇ. ಅವಳ ಗಂಡನನ್ನು ಮಣ್ಣು ಮಾಡಿದವರೂ ಅವರೇ.

"ಆ ಸಾಲು ಹೊಡೆದುಹಾಕು ಮಗಳೇ. ನನಗೂ ಅದು ಯಾವತ್ತೂ ಸರಿ ಅನ್ನಿಸಿರಲಿಲ್ಲ. ನೀನು ಬರೆದಿದ್ದೀಯಲ್ಲ ಅಂತ ಸುಮ್ಮನಿದ್ದೆ." ಮೇಜಿನ ಖಾನೆ ಎಳೆದು ಒಂದು ಕಾರ್ಡ್ ತೆಗೆದರು. "ಇದನ್ನ ಪೂರ್ತಿ ಓದಿದ್ಯಾ?"

ಅದೇ ಕಾರ್ಡ್. ಮೇಲೆ ಅವನು ಬರೆದ 'ಬೇಡ'.

"ಓದಿದ್ದೀನಿ."

"ಕಾರ್ಡಿಗೆ ಎರಡು ಬದಿ ಇರುತ್ತೆ, ತಿರುಗಿಸಿ ನೋಡಿ ಅಂತ ಎಲ್ಲರಿಗೂ ಪಾಠ ಹೇಳೋಳು ನೀನೇ ಅಲ್ವಾ?"

ಅವಳು ತಿರುಗಿಸಿದಳು. ಮೂರನೇ ಬುಧವಾರದ ತಾರೀಖು. ಸೊಟ್ಟ ಅಕ್ಷರ.

'ಪಾಸ್ಟರ್‌ಗೆ ನಮಸ್ಕಾರ. ಈ ಮನೆಯನ್ನು ನನ್ನ ಪಟ್ಟಿಯಿಂದ ತೆಗೆಯಿರಿ. ಈಗ ನಾನು ಅಲ್ಲಿಗೆ ಚರ್ಚಿನ ಕೆಲಸಕ್ಕೆ ಹೋಗುತ್ತಿಲ್ಲ. ನನಗಾಗಿ ಹೋಗುತ್ತಿದ್ದೇನೆ. ಅದನ್ನು ಕಾರ್ಡಿನಲ್ಲಿ ಬರೆಯುವುದು ಮೋಸ.'

ಅವಳು ಓದಿದಳು. ಮತ್ತೆ ಓದಿದಳು. ಕಣ್ಣು ಒಣಗಿಯೇ ಇತ್ತು. ಆದರೆ ಕುರ್ಚಿ ಎಳೆದುಕೊಂಡು ಕೂತಳು.

"ಅವನನ್ನ ಕಳಿಸಿ ಅಂತ ನನ್ನ ಪ್ರಾಣ ತಿಂದಿದ್ದು ನಿನ್ನ ಅತ್ತೆ" ಎಂದರು ಪಾಸ್ಟರ್. ತರಬೇತಿಯಲ್ಲಿ ನಡೆದದ್ದು ಚರ್ಚಿನವರ ಬಾಯಿಂದ ಅತ್ತೆಯ ಕಿವಿಗೆ ಬಿದ್ದಿತ್ತು. "ನನ್ನ ಸೊಸೆ ಹತ್ರ ಮಗನ ಮಾತೆತ್ತಿದವನು ಅವನೊಬ್ಬನೇ, ಅವನೇ ಬರಲಿ ಅಂತ ಹಠ ಹಿಡಿದ್ರು. ಜಗಳ ಆಡೋದಿದ್ರೆ ಅವರ ಹತ್ರ ಆಡು."

---

ಮಾರನೇ ದಿನ ಭಾನುವಾರ. ಮಧ್ಯಾಹ್ನ, ಆರಾಧನೆ ಮುಗಿದ ಮೇಲೆ ರಿಜಿಸ್ಟರಿನಲ್ಲಿದ್ದ ವಿಳಾಸ ಹುಡುಕಿಕೊಂಡು ಅವಳು ಹೊರಟಳು. ಸೈಕಲ್ ರಿಪೇರಿ ಅಂಗಡಿಯ ಹಿಂದೆ ಕಿರಿದಾದ ಮೆಟ್ಟಿಲು, ಮೆಟ್ಟಿಲ ತುದಿಗೆ ಒಂದೇ ಬಾಗಿಲು.

ತಟ್ಟಿದಳು. ಅಭ್ಯಾಸದಂತೆ ಹಿಂದೆ ಸರಿಯಲು ಹೋಗಿ ಮೆಟ್ಟಿಲು ತಪ್ಪಿ ಕಂಬಿ ಹಿಡಿದುಕೊಂಡಳು.

ಬಾಗಿಲು ತೆರೆಯಿತು. ಅವನು ಬಟ್ಟೆ ಒಗೆಯುತ್ತಿದ್ದ. ಮೊಣಕೈವರೆಗೂ ಸೋಪಿನ ನೊರೆ.

"ಟೀಚರ್!"

ಎಷ್ಟು ಸಾವಿರ ಬಾಗಿಲಲ್ಲಿ ನಿಂತು ಮಾತಾಡಿದ್ದಳು ಅವಳು! ಈಗ ಒಂದು ಪದವೂ ಬಾಯಿಗೆ ಬರಲಿಲ್ಲ.

"ನೀವು... ಬೇಡ ಅಂದಿದ್ರಿ. ಅದಕ್ಕೇ ನಾನು ಬರಲಿಲ್ಲ" ಅಂದ ಅವನು.

"ಗೊತ್ತು. ಅದಕ್ಕೇ ನಾನೇ ಬಂದೆ."

ಕೆಳಗೆ ಯಾರೋ ಸೈಕಲ್ ಚಕ್ರಕ್ಕೆ ಗಾಳಿ ಹಾಕುತ್ತಿದ್ದರು. 

"ಕಾರ್ಡಿನ ಹಿಂದೆ ಬರೆದಿದ್ದನ್ನ ಓದಿದೆ" ಅಂದಳು. "ಬಾಯಲ್ಲಿ ಹೇಳಿ."

ಅವನು ಕಿವಿಯವರೆಗೂ ಕೆಂಪಾದ. "ನನಗೆ ಮಾತು ಬರಲ್ಲ ಅಂತ ನೀವೇ ಫೇಲ್ ಮಾಡಿದ್ದೀರಿ..."

"ಹೇಳಿ!"

"ವಾರದಲ್ಲಿ ಆರು ದಿನ ನಾನು ಬುಧವಾರಕ್ಕೆ ಕಾಯ್ತಾ ಇದ್ದೆ." ತಡೆದು ಉಸಿರೆಳೆದುಕೊಂಡ. "ಈಗ ಏಳು ದಿನಾನೂ ಕಾಯ್ತೀನಿ. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ಅಷ್ಟೇ ಟೀಚರ್."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವನೂ ಬಂದು ಒಂದು ಮೆಟ್ಟಿಲು ಕೆಳಗೆ ಕೂತ.

"ನನ್ನ ವಿಷಯ ಹೇಳಿಬಿಡ್ತೀನಿ, ಕೇಳಿ. ನನಗೆ ಸಂತೋಷ ಆಗ್ತಿದೆಯಾ ಅಂತಾನೂ ಸರಿಯಾಗಿ ಗೊತ್ತಾಗ್ತಿಲ್ಲ. ಅಳು ಇನ್ನೂ ಬಂದಿಲ್ಲ. ಪ್ರಾರ್ಥನೆಗೆ ಕೂತ್ರೆ ಗೋಡೆ ನೋಡ್ತಾ ಇರ್ತೀನಿ. ಇಂಥವಳನ್ನ ಕಟ್ಕೊಂಡು ಏನು ಮಾಡ್ತೀರಿ?"

ಅವನು ಮೊಣಕೈಯ ನೊರೆ ಕೊಡವಿಕೊಂಡ. "ಪಕ್ಕದಲ್ಲಿ ಕೂತು ನಾನೂ ಗೋಡೆ ನೋಡ್ತೀನಿ."

ಅವಳ ತುಟಿ ಒಂದಿಷ್ಟು ಸಡಿಲಾಯಿತು. ಅದು ನಗುವಾ? ಅವಳಿಗೂ ಗೊತ್ತಾಗಲಿಲ್ಲ.

"ಅವರ ಮಾತು ಬರ್ತಾನೇ ಇರುತ್ತೆ ಮನೇಲಿ."

"ಬರ್ಲಿ. ಅವರ ಅಮ್ಮನೂ ನಮ್ಮ ಜೊತೇಲೇ ಇರ್ತಾರಲ್ಲ, ಬರದೇ ಹೇಗೆ?"

ಅವಳು ತಿರುಗಿ ಅವನ ಮುಖ ನೋಡಿದಳು. ಅತ್ತೆಯನ್ನು ಏನು ಮಾಡುವುದು ಎಂದು ಅವಳು ದಾರಿಯುದ್ದಕ್ಕೂ ಯೋಚಿಸುತ್ತಾ ಬಂದಿದ್ದಳು. ಕೇಳುವ ಮೊದಲೇ ಅವನು ಉತ್ತರ ಕೊಟ್ಟಿದ್ದ, ಅದೊಂದು ಪ್ರಶ್ನೆಯೇ ಅಲ್ಲ ಎಂಬಂತೆ.

ಅವಳು ಕೈ ಚಾಚಿದಳು. ಅವನು ತನ್ನ ಕೈಯನ್ನು ಅಂಗಿಗೆ ಒರೆಸಲು ಹೋದ. ಅಷ್ಟರಲ್ಲಿ ಅವಳೇ ಹಿಡಿದುಕೊಂಡಳು.

"ತಣ್ಣಗಿದೆ" ಅಂದಳು ಮೆಲ್ಲಗೆ.

"ನೀರಲ್ಲಿತ್ತು ಕೈ. ಒಳಗೆ ಹೋಗಿ ಒರೆಸ್ಕೊಂಡು ಬರ್ಲಾ?"

"ಆಮೇಲೆ ಒರೆಸ್ಕೊಳ್ಳಿ."